ದುರ್ಯೋಧನನ ರೇಟು

ಶನಿವಾರ, ಭಾನುವಾರ ನೋಡಿಕೊಂಡು ನಮ್ಮ ಕಡೆ ಸಾಹಿತ್ಯೋತ್ಸವ ಇಟ್ಟುಕೊಳ್ಳುವವರ ಧೈರ್ಯ ಮೆಚ್ಚಬೇಕು. ಶಿಡ್ಲಘಟ್ಟದ ರೇಷ್ಮೆಹುಳುವಿಗೆ ಭಾನುವಾರದ ಪರಿಚಯವೇ ಇಲ್ಲ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ತನ್ನ ಆಯುಷ್ಯದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಕೊನೆಯ ಆ ಒಂದು ವಾರದಲ್ಲೇ ತಿನ್ನುತ್ತದೆ. ಆ ವಾರ ಮನೆಮಂದಿಗೆಲ್ಲ ಒಂದೇ ಕೆಲಸ: ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು. ಹುಳು ಹಣ್ಣಾಗತೊಡಗಿತೋ, ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ನೆಂಟರಿಷ್ಟರಿಗೂ ಫೋನು ಹೋಗುತ್ತದೆ. ಗೂಡು ಬಿಡಿಸಿದ ಮೇಲೆ ಒಳಗಿನ ಚಿಟ್ಟೆ ತೂತು ಕೊರೆದುಕೊಂಡು ಹೊರಬೀಳುವ ಮೊದಲು ಮಾರುಕಟ್ಟೆ ಸೇರಿಸಬೇಕು. ಇಂಥದರ ನಡುವೆ, ಬೆಳಿಗ್ಗೆ ಹತ್ತೂವರೆಗೆ ಕಾವ್ಯದ ಸಮಕಾಲೀನ ಸಂವೇದನೆಯ ಮೇಲೆ ಗೋಷ್ಠಿ ಇದೆ, ತಪ್ಪದೆ ಬನ್ನಿ ಅಂತ ಆಹ್ವಾನಪತ್ರಿಕೆ ಕೊಟ್ಟರೆ ರೈತ ಏನು ಮಾಡಬೇಕು? ಎರಡೂ ಕೈಯಲ್ಲಿ ಇಸಿದುಕೊಂಡು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಾನೆ.

ಚಿಂತಾಮಣಿಯ ಟೊಮೆಟೊದವರು, ಚಿಕ್ಕಬಳ್ಳಾಪುರದ ಹೂವಿನವರು, ಊರೂರಿನಲ್ಲಿ ಡೇರಿಗೆ ಎರಡು ಹೊತ್ತೂ ಹಾಲು ಹಾಕುವವರು, ಎಲ್ಲರದೂ ಇದೇ ಪಾಡು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ನಮ್ಮದೇ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಚೇರಿಯವರ ಜೊತೆ ಭಾನುವಾರವೂ ಬಂತು. ಮಿಕ್ಕವರ ಮನೆಗೆ ಅದು ಇನ್ನೂ ಬಂದಿಲ್ಲ.

ಹಾಗಂತ ಸಾಹಿತ್ಯದ ಮೇಲೆ ನಮಗೇನೂ ಮುನಿಸಿಲ್ಲ. ಅಲ್ಲಮನ ವಚನಗಳನ್ನು ಸಂಪಾದಿಸಿ, ಪಂಪನನ್ನು ಸಾಮಾನ್ಯ ಓದುಗನಿಗೂ ದಕ್ಕುವಂತೆ ಸರಳಗೊಳಿಸಿಕೊಟ್ಟ ಎಲ್. ಬಸವರಾಜು ಗೌರಿಬಿದನೂರು ತಾಲ್ಲೂಕಿನ ಇಡಗೂರಿನವರು. 2009ರ ಚಿತ್ರದುರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದೇ ತಾಲ್ಲೂಕಿನ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಹೋದರು. ಓದಿಗಾಗಿ ಅಷ್ಟು ದೂರ ನಡೆಯುವ ಸೀಮೆಯವರು ನಾವು. ಹತ್ತೂವರೆ ಗಂಟೆ ಅನ್ನುವುದೊಂದೇ ತಕರಾರು.

ಮತ್ತೆ ಈ ಜನ ಹಾಡು ಕೇಳುವುದು ಯಾವಾಗ? ಆಷಾಢದ ಹುಣ್ಣಿಮೆಗೆ ಕೈವಾರಕ್ಕೆ ಹೋದರೆ ತಿಳಿಯುತ್ತದೆ. ಚಿಂತಾಮಣಿ ತಾಲ್ಲೂಕಿನ ಈ ಊರಿಗೆ ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರವೆಂಬ ಪುರಾಣದ ವಿಳಾಸವೂ ಇದೆ. ಆದರೆ ಬಸ್ಸಿನಲ್ಲಿ ಕೇಳಿದರೆ ಎಲ್ಲರ ಬಾಯಲ್ಲೂ ತಾತಯ್ಯನ ಊರು. ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದ ನಾರೇಯಣಪ್ಪನವರೇ ಈ ತಾತಯ್ಯ; ಯೋಗಿಯಾದರು, ಕನ್ನಡದಲ್ಲೂ ತೆಲುಗಿನಲ್ಲೂ ಕೀರ್ತನೆ ಕಟ್ಟಿದರು. ಹುಟ್ಟಿದ್ದು 1726, ಸಮಾಧಿಯಾದದ್ದು 1836 ಎಂದು ಭಕ್ತರ ಲೆಕ್ಕ. ಗುರುಪೂರ್ಣಿಮೆಗೆ ಅವರ ಮಠದಲ್ಲಿ ನಡೆಯುವ ಸಂಗೀತೋತ್ಸವ 72 ಗಂಟೆಗಳದ್ದು. ಹಗಲಿಲ್ಲ, ರಾತ್ರಿಯಿಲ್ಲ, ನಡುವೆ ವಿರಾಮವಿಲ್ಲ. ನಾಗಸ್ವರದವರು ಇಳಿದರೆ ಹರಿಕಥೆಯವರು ಹತ್ತುತ್ತಾರೆ, ಅವರು ಮುಗಿಸುವಷ್ಟರಲ್ಲಿ ಭಜನೆಯವರು ತಾಳ ಹಿಡಿದು ಸಿದ್ಧ.

ಈ 72 ಗಂಟೆಯ ಏರ್ಪಾಡನ್ನು ಭಕ್ತಿಯ ಪರಾಕಾಷ್ಠೆ ಎಂದು ವರ್ಣಿಸುವವರಿದ್ದಾರೆ. ಇರಬಹುದು. ನನಗಂತೂ ಅದು ಈ ಸೀಮೆಯ ಕಸುಬುಗಳನ್ನು ಬಲ್ಲವರು ಹಾಕಿದ ಟೈಮ್ ಟೇಬಲ್ಲಿನ ಹಾಗೆ ಕಾಣುತ್ತದೆ. ಯಾರಿಗೆ ಯಾವಾಗ ಬಿಡುವೋ ಆಗ ಬರಲಿ, ಬಂದಾಗ ಹಾಡು ನಡೆಯುತ್ತಿರಲಿ. ಸಂಜೆಯ ಹೊತ್ತಿಗೆ ಹೆಸರಾಂತ ವಿದ್ವಾಂಸರನ್ನು ಕೇಳಲು ಬೆಂಗಳೂರಿನ ಕಾರುಗಳು ಬರುತ್ತವೆ. ನಿಜವಾದ ಕಳೆ ಇರುವುದು ಅಪರಾತ್ರಿ ಕಳೆದ ಮೇಲೆ.

ಅಂಥ ಒಂದು ಹೊತ್ತು. ವೇದಿಕೆಯ ಮೇಲೆ ಒಂದೇ ಬಣ್ಣದ ಸೀರೆಯುಟ್ಟ ಹೆಂಗಸರ ತಂಡ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಶ್ರುತಿ ಬಿಟ್ಟ ಮುಂದಿನವಳ ಬೆನ್ನಿಗೆ ತಾಳದ ತುದಿಯಿಂದಲೇ ಒಂದು ತಿವಿದರು. ಆಕೆ ತಿರುಗಿಯೂ ನೋಡದೆ ಸರಿಯಾದ ಜಾಗಕ್ಕೆ ಬಂದು ಸೇರಿಕೊಂಡಳು. ಪಲ್ಲವಿ ತೆಲುಗಿನದು, ಮುಂದಿನ ಹಾಡು ಕನ್ನಡದ್ದು. ಭಾಷೆ ಯಾವಾಗ ಬದಲಾಯಿತೆಂದು ಅಲ್ಲಿ ಯಾರೂ ಗಮನಿಸಿದಂತೆ ಕಾಣಲಿಲ್ಲ. ಗೌರಿಬಿದನೂರಿನ ಪಕ್ಕದಲ್ಲೇ ಹಿಂದೂಪುರ, ಚಿಂತಾಮಣಿಯಿಂದ ಹೊರಟ ರಸ್ತೆ ಮದನಪಲ್ಲಿಗೆ. ಎರಡು ಭಾಷೆಯಲ್ಲಿ ಬೈಗುಳ ಬಲ್ಲವರಿಗೆ ಎರಡು ಭಾಷೆಯ ಕೀರ್ತನೆ ಏನು ಹೆಚ್ಚು?

ನನ್ನ ಪಕ್ಕ ಕೂತವರ ಅಂಗಿಗೆಲ್ಲ ಟೊಮೆಟೊ ಎಲೆಯ ಹಸಿರು ಕರೆ.

“ಏನಣ್ಣಾ, ಇಷ್ಟೊತ್ನಲ್ಲಿ?” ಅಂದೆ.

“ಮಂಡೀಲಿ ಮಾಲು ಇಳಿಸಿ ಬಂದೆ ಸಾರ್. ಹರಾಜು ಬೆಳಿಗ್ಗೆ. ಟೆಂಪೋದಲ್ಲಿ ಸೊಳ್ಳೆ ಹೊಡ್ಕೊಂಡು ಮಲಗೋ ಬದಲು ಇಲ್ಲಿ ಕೂತ್ರೆ ಪುಣ್ಯಾನೂ ಬರ್ತದೆ, ಊಟಾನೂ ಆಗ್ತದೆ.”

ಮುಂದಿನ ಚರಣಕ್ಕೆ ಅವರ ದನಿಯೂ ಸೇರಿತು. ನನಗಿಂತ ಚೆನ್ನಾಗಿ ಗೊತ್ತಿತ್ತು.

ಹುಣ್ಣಿಮೆಯನ್ನೇ ನಂಬಿದವರು ಇನ್ನೂ ಇದ್ದಾರೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ದಲ್ಲಿ ತಿಂಗಳಿಗೊಮ್ಮೆ ‘ಹುಣ್ಣಿಮೆ ಹಾಡು’: ನಾಟಕ, ಹಾಡು, ಕುಣಿತ, ಮಾತು. ಹಳಬರು ಕೇಳಿಕೆಗೆ, ನಾಟಕಕ್ಕೆ ಬೆಳದಿಂಗಳು ನೋಡಿ ದಿನ ಗೊತ್ತುಮಾಡುತ್ತಿದ್ದುದರ ಹಿಂದೆ ಕಾವ್ಯವೇನೂ ಇರಲಿಲ್ಲ. ಕರೆಂಟಿಲ್ಲದ ಕಾಲದಲ್ಲಿ ಹಾವು ತುಳಿಯದೆ ಮನೆ ಸೇರಬೇಕಿತ್ತು, ಅಷ್ಟೆ.

ತಾಲ್ಲೂಕು ಸಮ್ಮೇಳನಗಳ ಬಗ್ಗೆ ಒಂದು ತಗಾದೆ ಹೇಳಿ ಮುಂದೆ ಹೋಗುತ್ತೇನೆ. ಅಧ್ಯಕ್ಷರ ಮೆರವಣಿಗೆಗೆ ಮುಂದೆ ತಮಟೆ ಬೇಕು. ತಮಟೆಯಿಲ್ಲದೆ ಊರಿನವರು ಬಾಗಿಲು ತೆಗೆದೂ ನೋಡುವುದಿಲ್ಲ. ಸಭೆ ಶುರುವಾದ ಕೂಡಲೇ ತಮಟೆಯವರು ಶಾಮಿಯಾನದ ಹಿಂದೆ, ಅಡುಗೆಯವರ ಪಕ್ಕದಲ್ಲಿ. ಕವಿಗೋಷ್ಠಿಯಲ್ಲಿ ಎರಡೇ ನಿಮಿಷ ಎಂದು ಹತ್ತು ನಿಮಿಷ ಓದುವ ನಮ್ಮಂಥವರಿಗೆಲ್ಲ ಕುರ್ಚಿ, ಶಾಲು, ಹಾರ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ 2023ರಲ್ಲಿ ಪದ್ಮಶ್ರೀ ಬಂತು. ಅಲ್ಲಿಗಾದರೂ ಕುರ್ಚಿಯ ವ್ಯವಸ್ಥೆ ಬದಲಾಗಬೇಕಿತ್ತಲ್ಲವೇ? ದಿಲ್ಲಿಯವರಿಗೆ ಕೇಳಿಸಿದ್ದು ನಮ್ಮ ಸ್ವಾಗತ ಸಮಿತಿಗೆ ಕೇಳಿಸುವುದು ಬೇಡವೇ?

ಕುರ್ಚಿಯ ತಾಪತ್ರಯವಿಲ್ಲದ ಹಬ್ಬವೊಂದಿದೆ: ಹಳ್ಳಿಯ ಪೌರಾಣಿಕ ನಾಟಕ. ಅಲ್ಲಿ ಚಾಪೆ, ಕಂಬಳಿ ಅವರವರೇ ತರಬೇಕು. ನಾಟಕ ಹೆಚ್ಚಾಗಿ ‘ಕುರುಕ್ಷೇತ್ರ’. ಈ ರಂಗಭೂಮಿಯ ಅರ್ಥಶಾಸ್ತ್ರ ಪೇಟೆಯವರಿಗೆ ತಲೆಕೆಳಗಾಗಿ ಕಂಡೀತು. ಇಲ್ಲಿ ನಟನಿಗೆ ಸಂಬಳ ಕೊಡುವುದಿಲ್ಲ, ನಟನೇ ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾನೆ. ಸೀನರಿ, ಲೈಟು, ಡ್ರೆಸ್ಸು, ಹೊರಗಿನಿಂದ ಕರೆಸುವ ಸ್ತ್ರೀಪಾತ್ರದವರು, ಹಾರ್ಮೋನಿಯಂ ಮೇಷ್ಟ್ರು, ಎಲ್ಲ ಖರ್ಚೂ ಪಾತ್ರಗಳ ಮೇಲೆ ಹಂಚಿಕೆ. ಕೃಷ್ಣ, ದುರ್ಯೋಧನ ದುಬಾರಿ. ವಿದುರ ಅಗ್ಗ. ಧರ್ಮರಾಯನಿಗೆ ಪದ್ಯ ಎಷ್ಟಿದೆಯೆಂದು ಎಣಿಸಿ ಚೌಕಾಸಿ ಮಾಡುವವರಿದ್ದಾರೆ.

ತಿಂಗಳುಗಟ್ಟಲೆ ರಾತ್ರಿ ಅಭ್ಯಾಸ. ಮೇಷ್ಟ್ರು ಹಾರ್ಮೋನಿಯಂ ಮೇಲೆ ಒಂದು ಮನೆ ಹಿಡಿದರೆ ಭೀಮ ಇನ್ನೊಂದು ಮನೆಯಲ್ಲಿರುತ್ತಾನೆ. ನಾಟಕದ ದಿನ ಹೊತ್ತು ಮೂಡುವವರೆಗೂ ಯುದ್ಧ ಮುಗಿಯುವುದಿಲ್ಲ. ದುರ್ಯೋಧನ ಸಿಟ್ಟಿನಲ್ಲಿ ಪದ್ಯ ಎತ್ತಿದ್ದಾಗಲೇ ಅವನ ಭಾವಮೈದ ರಂಗಕ್ಕೆ ಬಂದು ಹಾರ ಹಾಕಿ ಎದೆಗೆ ನೋಟು ಚುಚ್ಚುತ್ತಾನೆ. ಮೈಕಿನಲ್ಲಿ ಅವನ ಹೆಸರು, ಊರು, ಮೊತ್ತ. ದುರ್ಯೋಧನ ಕೈಮುಗಿದು, ಬಿಟ್ಟ ಸಿಟ್ಟನ್ನು ಬಿಟ್ಟಲ್ಲಿಂದಲೇ ಎತ್ತಿಕೊಳ್ಳುತ್ತಾನೆ. ಕಲಾವಿಮರ್ಶಕರು ಇದನ್ನು ರಸಭಂಗ ಅನ್ನಲಿ. ಯಾವ ಪುಸ್ತಕ ಬಿಡುಗಡೆಯಲ್ಲೂ ಲೇಖಕನ ಎದೆಗೆ ಯಾರೂ ನೋಟು ಚುಚ್ಚಿದ್ದನ್ನು ನಾನು ಕಂಡಿಲ್ಲ.

ಮೊನ್ನೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೊರಗೆ ಟೀ ಅಂಗಡಿಯಲ್ಲಿ ಮುಂದಿನ ನಾಟಕದ ಪಾತ್ರ ಹಂಚಿಕೆ ನಡೆದಿತ್ತು. ಮೇಷ್ಟ್ರ ಕೈಯಲ್ಲಿ ನೋಟ್‌ಬುಕ್ಕು. ಎದುರಿಗೆ, ಆಗಷ್ಟೇ ಗೂಡು ಸುರಿದು ಬಂದ ಒಬ್ಬ ರೈತ.

“ದುರ್ಯೋಧನ ನಿಂಗೇ ಬರೀಲೇನಪ್ಪಾ? ಹೋದ್ಸಲದ ರೇಟಿಗೆ ಈ ಸಲ ಬರಲ್ಲ. ಸೀನರಿಯೋರು ಜಾಸ್ತಿ ಕೇಳ್ತಾವ್ರೆ.”

“ಪೆನ್ಸಿಲ್‌ನಲ್ಲಿ ಬರ್ಕೊಳ್ಳಿ ಮೇಷ್ಟ್ರೇ” ಅಂದ ಆತ, ಹರಾಜಿನ ಮೆಸೇಜಿಗೆ ಮೊಬೈಲು ತಿಕ್ಕುತ್ತಾ. “ಗೂಡು ಎಷ್ಟಕ್ಕೆ ಹೋಯ್ತು ನೋಡ್ಕೊಂಡು ಹೇಳ್ತೀನಿ. ರೇಟು ಬಿದ್ರೆ ಈ ವರ್ಷ ವಿದುರನೇ ಸಾಕು.”