ಉಣ್ಣಿಯ ಕೈವಾಡ

ಅರಿವಿಲ್ಲದವನಿಗೆ ನಮ್ಮ ಹಿರಿಯರು ಕೊಟ್ಟ ಉಪಮೆ ಕೆಚ್ಚಲ ಮೇಲಿನ ಉಣ್ಣಿಯದು. ಹಾಲಿನ ಮಗ್ಗುಲಲ್ಲೇ ಕುಳಿತು ನೆತ್ತರು ಹೀರುತ್ತದೆ; ಹಾಲಿನ ಗೊಡವೆ ಅದಕ್ಕಿಲ್ಲ. ತರಗತಿಯಲ್ಲಿ ಇದನ್ನು ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಉಣ್ಣಿಯ ಮಟ್ಟಿಗೆ ಅರಿವಿಲ್ಲದವರು ನಾವೇ ಎಂಬ ಶಂಕೆ ಈಚೆಗೆ ನನ್ನನ್ನು ಕಾಡುತ್ತಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಕಾಡಿಗೆ ಹೋಗಿಬರುವ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಹುಡುಕಿ, ರೋಗ ಹಬ್ಬಿಸುವುದು ಉಣ್ಣಿಯೆಂದು ಕಂಡುಕೊಂಡರು. ಜನರ ಬಾಯಲ್ಲಿ ಅದು ‘ಮಂಗನ ಕಾಯಿಲೆ’ಯಾಗಿಯೇ ಉಳಿಯಿತು. ಪಾಪ, ಮಂಗ ಪ್ರಾಣವನ್ನೂ ಕಳೆದುಕೊಂಡಿತು, ಹೆಸರನ್ನೂ ಕೆಡಿಸಿಕೊಂಡಿತು. ಉಣ್ಣಿ ಮಾತ್ರ ಪಾರಾಯಿತು.

ಅದರ ಇನ್ನೊಂದು ಕೈವಾಡ ಇದಕ್ಕಿಂತಲೂ ಗುಟ್ಟಿನದು. ದನ, ಕುರಿ, ಹಂದಿಗಳ ಮಾಂಸದಲ್ಲಿ ಆಲ್ಫಾ-ಗ್ಯಾಲ್ ಎಂಬ ಒಂದು ಬಗೆಯ ಸಕ್ಕರೆಯುಂಟು; ನಮ್ಮ ಮೈಯಲ್ಲಿಲ್ಲ, ನಮ್ಮ ಮಂಗಗಳ ಮೈಯಲ್ಲೂ ಇಲ್ಲ. ಕೆಲವು ಜಾತಿಯ ಉಣ್ಣಿಗಳು ಕಚ್ಚಿದಾಗ ಅದು ಒಳಸೇರುತ್ತದೆ, ಕೆಲವರ ದೇಹ ಅದನ್ನು ಹಗೆಯೆಂದು ಗುರುತಿಟ್ಟುಕೊಳ್ಳುತ್ತದೆ. ಕಚ್ಚಿದ್ದು ಮರೆತೂ ಹೋಗಿರುತ್ತದೆ. ಒಂದು ರಾತ್ರಿ ಮಟನ್ ಉಂಡು ಮಲಗಿದವನು ಎರಡರಿಂದ ಆರು ಗಂಟೆಗಳಲ್ಲಿ ಎದ್ದು ಕೂಡುತ್ತಾನೆ: ಮೈತುಂಬ ದದ್ದು, ಹೊಟ್ಟೆನುಲಿತ, ವಾಂತಿ; ಕೆಲವರಿಗೆ ಉಸಿರೇ ಕಟ್ಟಿ ಪ್ರಾಣಕ್ಕೆ ಬರುತ್ತದೆ. ಕೋಳಿ, ಮೀನು ತಿಂದರೆ ಏನೂ ಇಲ್ಲ. ಕೆಲವರಿಗೆ ಹಾಲೂ ಒಗ್ಗದಂತೆ! ಕೆಚ್ಚಲ ಉಣ್ಣಿ ಆ ಹಳೆಯ ಉಪಮೆಯ ಸೇಡನ್ನು ಹೀಗೆ ತೀರಿಸಿಕೊಂಡಿತೋ ಏನೋ.

ಅಮೆರಿಕದಲ್ಲಿ 2010ರಿಂದ 2022ರವರೆಗೆ ಇದರ ಶಂಕಿತ ಪ್ರಕರಣಗಳು 1,10,000ವನ್ನು ಮೀರಿದವು. ಆದರೂ 2023ರಲ್ಲಿ ಪ್ರಕಟವಾದ ಅಲ್ಲಿನ ಸಮೀಕ್ಷೆಯೊಂದರಲ್ಲಿ, ಚಿಕಿತ್ಸೆ ಕೊಡುವವರಲ್ಲೇ ನೂರಕ್ಕೆ 42 ಮಂದಿ ಇದರ ಹೆಸರನ್ನೂ ಕೇಳಿರಲಿಲ್ಲ.

ಈ ರೋಗ ನಮ್ಮೂರಿಗೆ ಬಂದಿದೆಯೆಂದು ನಾನು ಹೇಳುತ್ತಿಲ್ಲ. ಉಣ್ಣಿಯಂತೂ ಇದೆ. ಕಣಗಲಾದ ನಮ್ಮ ಹೊಲದಲ್ಲಿ ಸುಗ್ಗಿಯ ಮೇಲೆ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತೇವೆ. ಈ ಸಲ ಬಂದ ಮುದುಕ ಕುರಿಗಾರ ಉಣ್ಣಿ ಕಿತ್ತು ಬೆರಳಲ್ಲೇ ಹಿಚುಕುತ್ತಿದ್ದ.

“ಹಿಚುಕಬ್ಯಾಡ ಅಜ್ಜಾ,” ಎಂದೆ. ಮೈಗೆ ಹತ್ತಿದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೆಟ್ಟಗೆ ಎಳೆಯಬೇಕು, ಸಾಬೂನಿನಿಂದ ತೊಳೆಯಬೇಕು ಎಂದೆಲ್ಲ ಹೇಳಿ, ಮಟನ್ ಉಂಡ ರಾತ್ರಿ ದದ್ದು ಎದ್ದರೆ ಡಾಕ್ಟರಿಗೆ ತೋರಿಸೆಂದೆ.

“ಏನ ಉಂಡಿ ಅಂತ ಕೇಳ್ತಾರ್ರೀ ಸರ,” ಎಂದ ಅಜ್ಜ. “ಉಣ್ಣಿ ಕಡದಿತ್ತೇನು ಅಂತ ಯಾರ ಕೇಳ್ತಾರ?”

“ಕೇಳದಿದ್ರ ನೀನ ಹೇಳು,” ಎಂದೆ.