ಎಸ್ಟಿಮೇಟಿನಲ್ಲಿ ಇಲ್ಲದ ಚಳಿ

ಸಿನಿಮಾ ಯೂನಿಟ್ಟಿನಲ್ಲಿ ಚಳಿ ಎಲ್ಲರಿಗೂ ಒಂದೇ ಥರ ತಾಕುವುದಿಲ್ಲ. ಮಾನಿಟರ್ ಮುಂದೆ ಕೂತವರು ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು, ಕೈ ಉಜ್ಜಿಕೊಳ್ಳಬಹುದು. ರಿಫ್ಲೆಕ್ಟರ್ ಹಿಡಿದು ಗಾಳಿಗೆ ಎದೆಯೊಡ್ಡಿ ನಿಂತ ಲೈಟ್ ಹುಡುಗ ಮಾತ್ರ 'ಕಟ್' ಎನ್ನುವ ತನಕ ಬೆರಳು ಮಡಿಸುವಂತಿಲ್ಲ. ಹಿಮಾಚಲದ ಸ್ಪಿತಿ ಕಣಿವೆಯಲ್ಲಿ, ಕಾಜಾ ಊರಿನ ಆಸುಪಾಸಿನಲ್ಲಿ, ಚಳಿಗಾಲ ಕಾಲಿಡುವ ಹೊತ್ತಿಗೆ ಒಂದು ಸಣ್ಣ ಕನ್ನಡ ಚಿತ್ರಕ್ಕೆ ಸಹಾಯಕ ನಿರ್ದೇಶಕನಾಗಿ ದುಡಿದಾಗಿನಿಂದ ಈ ವ್ಯತ್ಯಾಸ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಕಥೆ ಸರಳ. ಗಡಿಭಾಗದ ರಸ್ತೆ ಕೆಲಸಕ್ಕೆ ಹೋದ ಮಗ ಎಂಥ ಜಾಗದಲ್ಲಿದ್ದಾನೆಂದು ನೋಡಲು ಬಾಗಲಕೋಟೆ ಕಡೆಯ ತಾಯಿಯೊಬ್ಬಳು ಒಬ್ಬಳೇ ಹೊರಟುಬರುತ್ತಾಳೆ. ಉಡುವುದು ಇಳಕಲ್ ಸೀರೆ. ಹುಲ್ಲುಕಡ್ಡಿ ಕಾಣದ ಆ ಬೂದು ಬೆಟ್ಟಗಳ ಮುಂದೆ ಆ ಕೆಂಪು ಸೆರಗು ಒಂದೇ ಸಾಕು, ಅರ್ಧ ಕಥೆ ಅದೇ ಹೇಳುತ್ತದೆ. ಆದರೆ ಸುಮಾರು 12,000 ಅಡಿ ಎತ್ತರದಲ್ಲಿ ಆ ಸೀರೆಯೊಳಗೆ ಅರವತ್ತು ದಾಟಿದ ಕಲಾವಿದೆಯೊಬ್ಬರು ನಿಂತಿರುತ್ತಾರೆ. ಒಳಗೆ ಎರಡು ಪದರ ಥರ್ಮಲ್. ಅದು ಕುಪ್ಪಸದ ತೋಳಿನ ಕೆಳಗೆ ಇಣುಕದ ಹಾಗೆ ಮೇಲಕ್ಕೆ ಮಡಚಿ ಪಿನ್ ಹಾಕಬೇಕು. ಮಡಚಿದಷ್ಟೂ ಕೈ ಬರಿದು. ಪಾದ ಕಾಣದ ಶಾಟ್‌ಗಳಿಗೆ ಉಣ್ಣೆಯ ಕಾಲುಚೀಲ, ಬೂಟು. ಲಾಂಗ್ ಶಾಟ್ ಬಂತೆಂದರೆ ಬರೀ ಚಪ್ಪಲಿ. ಸೆರಗಿನೊಳಗೆ ಬಿಸಿನೀರಿನ ಚೀಲ ಅವುಚಿಕೊಂಡು ಕೂತಿರುತ್ತಿದ್ದರು. 'ರೋಲ್' ಅನ್ನುವ ಮುಂಚೆ ಕಾಸ್ಟ್ಯೂಮಿನ ಹುಡುಗಿ ಓಡಿಬಂದು ಅದನ್ನು ತೆಗೆದುಕೊಳ್ಳುವಳು, 'ಕಟ್' ಆದ ಕೂಡಲೇ ಮತ್ತೆ ಮಡಿಲಿಗಿಡುವಳು. ಕೊನೆಗೆ ನಾವು ಶಾಟ್‌ಗಳನ್ನು ಪಾದದ ಮೇಲೇ ಹಂಚಿಕೊಂಡೆವು. ಪಾದ ಕಾಣುವುದೆಲ್ಲ ನೆಲಕ್ಕೆ ಬಿಸಿಲು ತಾಕಿದ ಮೇಲೆ, ಕಾಣದ್ದು ಬೆಳಿಗ್ಗೆ.

ಅದಕ್ಕೂ ಅಡ್ಡ ಬಂದದ್ದು ಉಸಿರು. ಬೆಳಗಿನ ಹೊತ್ತು ಆಡಿದ ಒಂದೊಂದು ಮಾತಿಗೂ ಬಾಯಿಂದ ಆವಿ ಏಳುತ್ತದೆ. ಬಿಸಿಲೇರಿದ ಹಾಗೆ, ಅಲ್ಲಿಯ ಗಾಳಿ ತೀರಾ ಒಣದಾದ್ದರಿಂದ, ಅದು ಬೇಗ ಮಾಯ. ಒಂದೇ ಸಂಭಾಷಣೆಯ ಅರ್ಧವನ್ನು ಏಳಕ್ಕೂ ಇನ್ನರ್ಧವನ್ನು ಹತ್ತಕ್ಕೂ ತೆಗೆದರೆ ತಾಯಿ ಒಂದು ಕಾಲದಲ್ಲಿ, ಮಗ ಇನ್ನೊಂದು ಕಾಲದಲ್ಲಿ ನಿಂತ ಹಾಗೆ ಕಾಣುತ್ತದೆ. ಆವಿ ಬೇಕಿದ್ದರೆ ಬಿಸಿ ಚಹಾ ಕುಡಿಸಿ ತಕ್ಷಣ ಶಾಟ್ ತೆಗೆಯಬಹುದು. ಬೇಡವಾದರೆ ಬಾಯಲ್ಲಿ ಐಸ್ ಚೂರು ಇಟ್ಟುಕೊಳ್ಳುವುದು ಸಿನಿಮಾದವರ ಹಳೆಯ ಉಪಾಯ. ಆ ವಯಸ್ಸಿನ ಹೆಂಗಸಿಗೆ, ಆ ಚಳಿಯಲ್ಲಿ ಐಸ್ ಕೊಡುವ ಮಾತೇ ಇಲ್ಲವೆಂದು ನಮ್ಮ ನಿರ್ದೇಶಕರು ಖಡಾಖಂಡಿತವಾಗಿ ಹೇಳಿದರು. ಅದೇ ದೃಶ್ಯವನ್ನು ಎರಡು ಬೆಳಗುಗಳಿಗೆ ಹಂಚಿ ತೆಗೆದೆವು. ಒಂದು ದಿನ ಹೆಚ್ಚಾಯಿತು, ಖರ್ಚೂ ಹೆಚ್ಚಾಯಿತು. ಸರಿಯಾದ ತೀರ್ಮಾನ ಅದು.

ಯಂತ್ರಗಳಿಗೂ ಚಳಿ ಬಾಧಿಸುತ್ತದೆ, ಆದರೆ ಅವುಗಳ ಉಪಚಾರ ಎಲ್ಲರಿಗೂ ಗೊತ್ತು. ಲಿಥಿಯಂ ಬ್ಯಾಟರಿ ತಣ್ಣಗಾದರೆ ಒಳಗಿನ ರಾಸಾಯನಿಕ ಕ್ರಿಯೆ ನಿಧಾನಗೊಂಡು ಅದು ಬೇಗ ಸೋಲುತ್ತದೆ. ಬೆಚ್ಚಗೆ ಮಾಡಿದರೆ ಒಂದಷ್ಟು ಮತ್ತೆ ಚೇತರಿಸಿಕೊಳ್ಳುತ್ತದೆ. ಅದಕ್ಕೇ ಫೋಕಸ್ ಪುಲ್ಲರ್ ಜಾಕೆಟ್ಟಿನ ಒಳಜೇಬಿನಲ್ಲಿ ಸದಾ ಬ್ಯಾಟರಿ, ರಾತ್ರಿ ಅವನ ರಜಾಯಿಯೊಳಗೂ ಬ್ಯಾಟರಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಅವನ್ನು ಚಾರ್ಜ್ ಮಾಡಿದರೆ ಕೆಟ್ಟೇಹೋಗುತ್ತವೆ. ಹಾಗಾಗಿ ನಾವು ಇಳಿದುಕೊಂಡಿದ್ದ ಮನೆಯ ಅಡುಗೆಕೋಣೆಯಲ್ಲಿ, ಕಬ್ಬಿಣದ ತಂದೂರ್ ಒಲೆಯಿಂದ ಮಾರು ದೂರದಲ್ಲಿ, ಚಾರ್ಜರ್‌ಗಳ ಸಾಲು. ಮನೆಯಾಕೆ ಥುಕ್ಪಾ ತಿರುವುತ್ತಲೇ ಯಾವುದಕ್ಕೆ ಹಸಿರು ದೀಪ ಬಂತೆಂದು ಕೂಗಿ ಹೇಳುತ್ತಿದ್ದರು. ಕ್ಯಾಮೆರಾವನ್ನು ಮಾತ್ರ ಆ ಕೋಣೆಗೆ ತರುವಂತಿರಲಿಲ್ಲ. ಬೆಚ್ಚನೆಯ ಆವಿ ತಾಕಿದರೆ ಲೆನ್ಸ್ ಮೇಲೆಲ್ಲ ನೀರು. ಗಾಳಿಯಾಡದ ಚೀಲದಲ್ಲಿ ಕಟ್ಟಿ ಹೊರಕೋಣೆಯಲ್ಲೇ ಇಡಬೇಕು. ಡೀಸೆಲ್ ಕೂಡ ಅಂಥ ಚಳಿಗೆ ಮೇಣ ಕಟ್ಟುತ್ತದೆ. ಲಡಾಖಿನಂಥ ಕಡೆಗಳಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು.

ಬ್ಯಾಟರಿಯನ್ನು ಎದೆಗವುಚಿ ಮಲಗುವ ನಾವು ಬೂಮ್ ಹಿಡಿಯುವವನನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂಬುದೇ ನನಗೆ ಮುಖ್ಯ. ಆ ಕಣಿವೆ ಎಷ್ಟು ನಿಶ್ಶಬ್ದವೆಂದರೆ ಪುಕ್ಕ ತುಂಬಿದ ನೈಲಾನ್ ಜಾಕೆಟ್ ತೊಟ್ಟವನು ಮೊಣಕೈ ಕದಲಿಸಿದರೂ ಹೆಡ್‌ಫೋನಿನಲ್ಲಿ ಸರಬರ. ಮೈಕ್ ತಲೆಯ ಮೇಲೆತ್ತಿ ಹಿಡಿಯುವ ಹುಡುಗನ ಜಾಕೆಟ್ಟೇ ಮೈಕಿಗೆ ಎಲ್ಲರಿಗಿಂತ ಹತ್ತಿರ. ಅವನು ಯಾರೂ ಹೇಳುವ ಮೊದಲೇ ಜಾಕೆಟ್ ಬಿಚ್ಚಿಟ್ಟು ಸ್ವೆಟರಿನಲ್ಲಿ ನಿಂತುಬಿಟ್ಟ. ಕೈಗವಸನ್ನೂ ತೆಗೆದ, ಕಂಬಿ ಜಾರುತ್ತದೆಂದು. ನಾಲ್ಕನೇ ಟೇಕಿಗೆ ಬೂಮಿನ ನೆರಳು ನಡುಗುತ್ತಾ ಗೋಡೆಯ ಮೇಲೆ ಬಿತ್ತು. ನಡುಗುತ್ತಿದ್ದದ್ದು ಅವನ ಭುಜ.

ಉಪಾಯ ಬಂದದ್ದು ಅಡುಗೆಯವರಿಂದ. ಚಳ್ಳಕೆರೆ ಕಡೆಯವರು, ಊರಿಂದ ಒಂದು ಕರಿ ಕಂಬಳಿ ತಂದಿದ್ದರು. ಉಣ್ಣೆಗೆ ಸದ್ದಿಲ್ಲ. ಅದನ್ನು ಹುಡುಗನಿಗೆ ಬಿಗಿಯಾಗಿ ಸುತ್ತಿ ಸೊಂಟಕ್ಕೆ ಹಗ್ಗ ಕಟ್ಟಿದರು. ಕೈಗೆ ಆ ಊರಿನ ಹೆಂಗಸರು ಹೆಣೆದ ಗವಸು. ಸೌಂಡ್ ರೆಕಾರ್ಡಿಸ್ಟ್ ಕಣ್ಣು ಮುಚ್ಚಿ ಕೇಳಿ ಹೆಬ್ಬೆರಳು ಎತ್ತಿದರು. ಜಾಕೆಟ್ಟಿಗೆ ಹೋಲಿಸಿದರೆ ಆ ಕಂಬಳಿಯ ಬೆಲೆ ಎಷ್ಟೋ ಕಡಿಮೆ. ದುಡ್ಡಿಲ್ಲದ್ದಕ್ಕೆ ಆ ಹುಡುಗ ನಡುಗಿದ್ದಲ್ಲ. ಬೆಂಗಳೂರಿನಲ್ಲಿ ಎಸ್ಟಿಮೇಟ್ ಹಾಕುವಾಗ ಲೆನ್ಸಿನ ಬಾಡಿಗೆಯನ್ನು ದಿನಗಳ ಲೆಕ್ಕದಲ್ಲಿ ಬರೆಯುತ್ತಾರೆ. ಬೂಮ್ ಹಿಡಿದವನು ಏನು ಹೊದ್ದಿರುತ್ತಾನೆ ಎನ್ನುವುದಕ್ಕೆ ಅಲ್ಲಿ ಒಂದು ಸಾಲೂ ಇರುವುದಿಲ್ಲ.

ನನಗೆ ಸಿಟ್ಟು ಬರುವುದು ದಾರಿಯ ವಿಷಯದಲ್ಲೂ. ಕಾಜಾಕ್ಕೆ ಎರಡು ದಾರಿ. ಮನಾಲಿಯಿಂದ ಹೊರಟರೆ ಸುಮಾರು 15,000 ಅಡಿಯ ಕುಂಜುಮ್ ಪಾಸ್ ಹಾಯ್ದು ಒಂದೇ ದಿನದಲ್ಲಿ ತಲುಪಬಹುದು. ಶಿಮ್ಲಾ, ಕಿನ್ನೌರ್ ಮೇಲೆ ಬಂದರೆ ಎತ್ತರ ನಿಧಾನವಾಗಿ ಏರುತ್ತದೆ, ಮೈ ಹೊಂದಿಕೊಳ್ಳುತ್ತದೆ, ಆದರೆ ನಡುವೆ ರಾತ್ರಿಗಳನ್ನು ಕಳೆಯಬೇಕು, ಇಡೀ ಯೂನಿಟ್ಟಿಗೆ ರೂಮು, ಊಟ, ಬಟಾ. ಕಾಜಾದ ಎತ್ತರದಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ಹಿಂದೊಮ್ಮೆ ನಾನಿದ್ದ ಬೇರೊಂದು ಯೂನಿಟ್ಟಿನಲ್ಲಿ ಲೈಟ್ ಹುಡುಗರನ್ನು ಹತ್ತಿರದ ದಾರಿಯಲ್ಲೇ ತಂದು, ಅದೇ ಸಂಜೆ ಸ್ಟ್ಯಾಂಡ್ ಹೊರಿಸಿದರು. ನಾಯಕ ನಟ ಎರಡು ದಿನ ಮೊದಲೇ ಬಂದು ವಿಶ್ರಾಂತಿ ತೆಗೆದುಕೊಂಡಿದ್ದರು. ಒಬ್ಬ ಹುಡುಗ ತಲೆ ಹಿಡಿದು ಕೂತವನು ವಾಂತಿ ಮಾಡತೊಡಗಿದ. ರಾತ್ರೋರಾತ್ರಿ ಕೆಳಗಿಳಿಸಿದ್ದಕ್ಕೆ ಉಳಿದ. ಅದನ್ನು ಕಡಿಮೆ ಬಜೆಟ್ ಎಂದು ಕರೆಯಲು ನನಗೆ ಮನಸ್ಸಿಲ್ಲ.

ದುಡ್ಡು ಕಡಿಮೆಯಿದ್ದೂ ಮರ್ಯಾದೆಯಿಂದ ತೆಗೆಯಬಹುದು ಎನ್ನುವುದಕ್ಕೆ ಭೂತಾನಿನ 'ಲುನಾನಾ: ಅ ಯಾಕ್ ಇನ್ ದ ಕ್ಲಾಸ್‌ರೂಮ್' ಕಣ್ಣ ಮುಂದಿದೆ. ಪಾವೊ ಚೋಯ್ನಿಂಗ್ ದೋರ್ಜಿ ಅವರ ಮೊದಲ ಚಿತ್ರ. ದಿನಗಟ್ಟಲೆ ನಡೆದೇ ತಲುಪಬೇಕಾದ ಹಳ್ಳಿ, ಆಗ ಕರೆಂಟಿರಲಿಲ್ಲ. ಸೌರಫಲಕ ಹೊತ್ತೊಯ್ದು ಬ್ಯಾಟರಿ ತುಂಬಿಸಿಕೊಂಡರು. ಊರಿನ ಪುಟ್ಟ ಹುಡುಗಿ ಪೆಮ್ ಝಾಮ್ ತನ್ನದೇ ಹೆಸರಿನ ಪಾತ್ರ ಮಾಡಿದಳು. 2022ರಲ್ಲಿ ಅದು ಆಸ್ಕರ್ ನಾಮನಿರ್ದೇಶನ ಪಡೆದ ಮೊದಲ ಭೂತಾನಿ ಚಿತ್ರವಾಯಿತು. ಇನ್ನೊಂದು ತುದಿಯಲ್ಲಿ 'ದ ರೆವೆನೆಂಟ್': ಹೊರಗಿನ ಸಹಜ ಬೆಳಕಿನ ಹಠ, ಕೆನಡಾದಲ್ಲಿ ಹಿಮ ಕರಗಿದ್ದಕ್ಕೆ ಯೂನಿಟ್ಟನ್ನೇ ಅರ್ಜೆಂಟೀನಾಕ್ಕೆ ಸಾಗಿಸಿದರು. ಅವರಿಗೆ ಕಾಯುವ ಶಕ್ತಿಯಿತ್ತು. ನಮ್ಮಂಥವರಿಗೆ ಕಣಿವೆಯಲ್ಲಿ ಬೆಟ್ಟದ ಹಿಂದೆ ಬೇಗ ಸರಿದುಹೋಗುವ ಸೂರ್ಯನೇ ಪ್ಯಾಕಪ್ ಹೇಳುತ್ತಾನೆ. ಇದ್ದ ಬೆಳಕಿನಲ್ಲಿ ಬೇಕಾದದ್ದನ್ನು ಮಾತ್ರ ತೆಗೆಯುವ ಶಿಸ್ತು ಬರುತ್ತದೆ. ಆ ಶಿಸ್ತು ನನಗೆ ಇಷ್ಟ.

ಈಗ ಅದೇ ನಿರ್ದೇಶಕರ ಜೊತೆ ಇನ್ನೊಂದು ಕಥೆಗೆ ಎಸ್ಟಿಮೇಟ್ ಹಾಕುತ್ತಿದ್ದೇವೆ, ಮತ್ತೆ ಬೆಟ್ಟದ ಮೇಲೆಯೇ. ಮೊದಲ ಪುಟದಲ್ಲೇ ಎಲ್ಲರಿಗೂ ಬೂಟು, ಗವಸು, ಸೌಂಡಿನವರಿಗೆ ಕಂಬಳಿ, ಆಮ್ಲಜನಕದ ಸಿಲಿಂಡರ್, ಕಿನ್ನೌರಿನಲ್ಲಿ ತಂಗುವ ರಾತ್ರಿಗಳು. ನಿರ್ಮಾಪಕರು ನೋಡಿ, ಇಷ್ಟಕ್ಕೆ ಕೈ ಸಾಲದು, ಏನಾದರೂ ತೆಗೆಯಿರಿ ಎಂದರು. ಎಂಬತ್ತೈದು ಎಂಎಂ ಲೆನ್ಸ್ ತೆಗೆದೆವು. ಅದರಲ್ಲಿ ತೆಗೆಯಬೇಕಿದ್ದ ಕ್ಲೋಸಪ್‌ಗಳನ್ನು ಐವತ್ತರಲ್ಲೇ, ಒಂದೆರಡು ಹೆಜ್ಜೆ ಹತ್ತಿರ ಹೋಗಿ ತೆಗೆಯಲು ಛಾಯಾಗ್ರಾಹಕರು ಒಪ್ಪಿದ್ದಾರೆ.