ಆಡಲೊಂದಿಷ್ಟು ಬಯಲು



ಮಠದ ಪ್ರಸಾದನಿಲಯದಲ್ಲಿದ್ದು ಓದಿದವರು ಅದರ ಹಿಂದಿನ ಬಯಲನ್ನು ಮರೆತಿರಲಾರರು. ನಸುಕಿನ ಗಂಟೆಗೆ ಎದ್ದು, ತಣ್ಣೀರು ಮಿಂದು, ಲಿಂಗಪೂಜೆಗೆ ಕೂಡುತ್ತಿದ್ದ ಹುಡುಗರೇ ಸಂಜೆ ಆ ಬಯಲಿನಲ್ಲಿ ಕಬಡ್ಡಿ, ಖೋ ಖೋ ಆಡಿ, ಮೈಯೆಲ್ಲ ಧೂಳಾಗಿ ಪ್ರಾರ್ಥನೆಗೆ ಬರುತ್ತಿದ್ದರು. ಧೂಳಿಗಾಗಿ ಬೈಸಿಕೊಂಡವರಲ್ಲಿ ನಾವೂ ಒಬ್ಬರು.

ಆ ಬಯಲು ಈಗಿಲ್ಲ. ಅಲ್ಲಿ ಕಲ್ಯಾಣಮಂಟಪ ನಿಂತಿದೆ. ಅದಕ್ಕೆ ಒಪ್ಪಿ ರುಜು ಹಾಕಿದವರು ನಾವೇ. ಅದರ ಬಾಡಿಗೆಯಿಂದ ದಾಸೋಹಕ್ಕೆ ಅನುಕೂಲವಾದುದು ನಿಜ. ಆದರೆ ಕಳೆದ ಬೇಸಗೆಯಲ್ಲಿ ಹುಡುಗರು ಕಾರುಗಳ ಸಂದಿಯಲ್ಲಿ ಚೆಂಡಾಡುವುದನ್ನೂ, ಕಾವಲುಗಾರನು ಅವರನ್ನು ಗದರಿ ಅಟ್ಟುವುದನ್ನೂ ಕಂಡಾಗ, ನಾವು ಹಾಕಿದ ಲೆಕ್ಕದಲ್ಲಿ ಏನೋ ತಪ್ಪಿದೆಯೆನಿಸಿತು.

ದಾವಣಗೆರೆ, ಮೈಸೂರುಗಳ ಹಳೆಯ ಓಣಿಗಳಲ್ಲಿ ಗರಡಿಮನೆಯೆಂಬುದು ಓಣಿಯವರೆಲ್ಲರ ಸೊತ್ತಾಗಿತ್ತು. ಕೆಮ್ಮಣ್ಣಿನಲ್ಲಿ ಸಾಮು ಮಾಡಲು ಹಣ ಬೇಕಿರಲಿಲ್ಲ. ಉಸ್ತಾದರ ಕಣ್ಣು ಮೇಲಿದ್ದರೆ ಸಾಕಿತ್ತು. ಹೆಣ್ಣುಮಕ್ಕಳಿಗೆ ಮಾತ್ರ ಆ ಬಾಗಿಲು ಮುಚ್ಚಿತ್ತು. ಹಳೆಯದನ್ನು ಹೊಗಳುವ ಭರದಲ್ಲಿ ನಾವು ಇದನ್ನು ಹೇಳುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆನ್ನುತ್ತದೆ. ಆ ಸಂಸ್ಥೆಯ ತಜ್ಞರೂ ಸೇರಿ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಮ್ಮ ದೇಶದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅಷ್ಟೂ ಇಲ್ಲ. ಹೆಂಗಸರ ಪಾಡು ಗಂಡಸರಿಗಿಂತ ಕಡೆ.

ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮನ್ನು ಕೇಳಿದರು: “ಬುದ್ಧಿ, ದಿನವಿಡೀ ಕಾಯಕ ಮಾಡುವವನಿಗೆ ವ್ಯಾಯಾಮವೇಕೆ?” ಮಾಚಯ್ಯನವರು ಬಟ್ಟೆ ಒಗೆದರು, ಚೌಡಯ್ಯನವರು ದೋಣಿಗೆ ಹುಟ್ಟು ಹಾಕಿದರು, ಚಂದಯ್ಯನವರು ಹಗ್ಗ ಹೊಸೆದರು. ಅವರ ಕಾಯಕದಲ್ಲಿ ಕಾಯವಿತ್ತು. ಕುರ್ಚಿಯಲ್ಲಿ ಕುಳಿತು ಮಾಡುವ ನಮ್ಮ ಕಾಯಕದಲ್ಲಿ ಬೆರಳುಗಳಷ್ಟೇ ಆಡುತ್ತವೆ. ಇಷ್ಟಲಿಂಗವನ್ನು ಗುಡಿಯಲ್ಲಿಡದೆ ಎದೆಯ ಮೇಲೆ ಧರಿಸುವ ನಮಗೆ, ಅದನ್ನು ಹೊತ್ತ ಮೈಯನ್ನು ಉಪೇಕ್ಷಿಸುವ ಹಕ್ಕು ಎಲ್ಲಿಯದು? (ಪ್ರಶ್ನೆ ಮೊದಲು ನಮಗೇ. ಸಕ್ಕರೆ ಕಾಯಿಲೆಯೆಂದು ವೈದ್ಯರು ಹೇಳುವವರೆಗೆ ನಾವೂ ಕಾರಿಳಿದು ನಡೆದವರಲ್ಲ.)

ಕೆಡವಿ ಬಯಲು ಮಾಡುವುದು ಈಗ ಆಗದ ಮಾತು. ಆದುದರಿಂದ ಲಗ್ನವಿಲ್ಲದ ದಿನಗಳಲ್ಲಿ ಬೆಳಗಿನ ಐದೂವರೆಯಿಂದ ಏಳೂವರೆಯವರೆಗೆ ಮಂಟಪವನ್ನೂ ಅಂಗಳವನ್ನೂ ಜಾತಿಮತ ಕೇಳದೆ ಎಲ್ಲರಿಗೂ ತೆರೆದಿದ್ದೇವೆ. ಮೊದಲ ದಿನ ಬಂದವರು ಏಳು ಜನ ತಾಯಂದಿರು. ಗಂಡಸರು ಗೇಟಿನ ಬಳಿ ನಿಂತು ನೋಡಿದರು. ಮೂರನೆಯ ವಾರ ಅಜ್ಜಿಯೊಬ್ಬರು ಸೆರಗು ಬಿಗಿದು ಮೊಮ್ಮಗಳೊಡನೆ ಲಗೋರಿಗೆ ನಿಂತರು. ಅವರ ಗುರಿ ತಪ್ಪಲಿಲ್ಲ. ಲಗ್ನಸರಾಯಿಯಲ್ಲಿ ಏನು ಮಾಡುವುದೆಂಬುದು ಇನ್ನೂ ಬಗೆಹರಿದಿಲ್ಲ.

ನಗರಗಳಲ್ಲಿರುವ ನಮ್ಮ ಸಮಾಜದ ಭವನಗಳಿಗೂ ಅಂಗಳಗಳಿವೆ, ಹಲವು ಬೀಗದೊಳಗಿವೆ. ಮುಂದಿನ ಹುಣ್ಣಿಮೆಯ ಶಿವಾನುಭವ ಗೋಷ್ಠಿಗೆ ಬರುವಾಗ ನಿಮ್ಮ ಊರಿನ ಭವನದ ಅಂಗಳದ ಉದ್ದಗಲವನ್ನು ಅಳೆದು, ಅದರ ಬೀಗದ ಕೈ ಯಾರಲ್ಲಿದೆಯೆಂಬುದನ್ನು ಬರೆದುಕೊಂಡು ಬನ್ನಿರಿ.